ಅಫರ್ವತ್ ಹತ್ತೋಕೆ ಸ್ಕೀ ಸ್ಕಿನ್: ದಾವಣಗೆರೆ ಬಿಸಿಲಿಗೆ ಅಂಟು ಕರಗಿದೆ, ಏನು ಮಾಡೋದು?

ಬಾತಿಗುಡ್ಡ, ದಾವಣಗೆರೆ
ಫೆಬ್ರವರಿಯಲ್ಲಿ ನಾಲ್ಕು ಜನ ಗುಲ್ಮಾರ್ಗ್‌ಗೆ ಹೊರಟಿದ್ದೇವೆ. ಎಲ್ಲರದೂ ಸ್ಕೀಯಿಂಗ್‌ನ ಇಂಟರ್‌ಮೀಡಿಯೆಟ್ ಕೋರ್ಸ್ ಆಗಿದೆ, ಗೈಡ್ ಇದ್ದಾರೆ. ಈ ಸಲ ಗೊಂಡೋಲ (ಕೇಬಲ್ ಕಾರ್) ಬಿಟ್ಟು, ಸ್ಕಿನ್ (ಹತ್ತುವಾಗ ಹಿಂದಕ್ಕೆ ಜಾರದಂತೆ ಸ್ಕೀ ತಳಕ್ಕೆ ಅಂಟಿಸೋ ಕೂದಲಿನ ಪಟ್ಟಿ) ಹಾಕಿಕೊಂಡೇ ಗುಲ್ಮಾರ್ಗ್ ಮೇಲಿನ ಅಫರ್ವತ್ ಬೆಟ್ಟ ಹತ್ತೋ ಯೋಚನೆ. ಬೇಸಿಗೆಯೆಲ್ಲ ಅಟ್ಟದ ಮೇಲಿದ್ದ ಸ್ಕಿನ್ ಈಗ ಬಿಡಿಸಿದರೆ ಅಂಟು ಹಲಸಿನ ಮೇಣದ ಹಾಗೆ ಎಳೆ ಎಳೆಯಾಗಿ ಬರ್ತಿದೆ, ಅರ್ಧ ಸ್ಕೀ ತಳಕ್ಕೇ ಹತ್ತಿದೆ. ಹೊಸದೇ ತಗೋಬೇಕಾ? ಗಟ್ಟಿ ಹಿಮದಲ್ಲಿ ಹಿಂದಕ್ಕೆ ಜಾರದಿರೋಕೆ ಏನು ಉಪಾಯ? ಊರಲ್ಲೇ ತಯಾರಿ ಹೇಗೆ?

ಹಿಮಗಾಲು
ಅಡಿಯ ಕೂದಲು ಸವೆದಿಲ್ಲ ಅಂದ್ರೆ ಹೊಸದು ಬೇಡ, ಅಂಟು ಬದಲಿಸಿ ಸಾಕು. ಸ್ಕಿನ್ನನ್ನು ಅಂಟು ಮೇಲೆ ಬರುವಂತೆ ಹಲಗೆಗೆ ಬಿಗಿದು, ಖಾಕಿ ಪೇಪರ್ ಹಾಸಿ, ಸ್ಟೀಮ್ ಇಲ್ಲದ ಇಸ್ತ್ರಿ ಪೆಟ್ಟಿಗೆಯನ್ನು ಹದವಾದ ಬಿಸಿಯಲ್ಲಿ ನಿಧಾನ ಎಳೀರಿ. ಬಿಸಿ ಆರೋ ಮೊದಲು ಪೇಪರ್ ಕಿತ್ತರೆ ಹಳೇ ಅಂಟು ಅದರ ಜೊತೆ ಬರುತ್ತೆ. ಹೀಗೇ ಪೇಪರ್ ಬದಲಿಸ್ತಾ ಹೋಗಿ, ಉಳಿದದ್ದನ್ನು ಸ್ಕ್ರೇಪರ್‌ನಿಂದ ಕೆರೀರಿ. ಬಿಸಿ ಜಾಸ್ತಿಯಾದ್ರೆ ನೈಲಾನ್ ಸುಟ್ಟುಹೋಗುತ್ತೆ, ಹುಷಾರು.

ಆಮೇಲೆ ಸ್ಕಿನ್‌ಗೇ ಅಂತ ಬರೋ ಟ್ಯೂಬ್ ಅಂಟನ್ನು ತೆಳುವಾಗಿ ಎರಡು ಕೋಟ್ ಹಚ್ಚಿ. ಮೊದಲನೆಯದು ಪೂರ್ತಿ ಒಣಗಿದ ಮೇಲೇ ಎರಡನೆಯದು. ಕಿಟಕಿ ತೆಗೆದಿರಲಿ. ಚಪ್ಪಲಿ ಅಂಗಡಿಯ ಸಲ್ಯೂಷನ್ ಮಾತ್ರ ಬೇಡ, ಅದು ಹಿಡಿದರೆ ಬಿಡೋದಿಲ್ಲ. ಸ್ಕಿನ್ ಅಂಟು ನೂರು ಸಲ ಹಿಡಿದು ನೂರು ಸಲ ಬಿಡಬೇಕು. ಸ್ಕೀ ತಳವನ್ನು ಬೇಸ್ ಕ್ಲೀನರ್‌ನಿಂದ ಒರೆಸಿ ವ್ಯಾಕ್ಸ್ ಹಾಕಿ, ಚೆನ್ನಾಗಿ ಕೆರೆದುಬಿಡಿ. ವ್ಯಾಕ್ಸ್ ದಪ್ಪ ಉಳಿದರೆ ಅಂಟು ಕೂರಲ್ಲ.

ಇನ್ನು ಜಾರೋದು. ಬಹಳ ಸಲ ತಪ್ಪು ಸ್ಕಿನ್‌ನದಲ್ಲ, ಮೈಭಾರದ್ದು. ಏರು ಬಂದ ಕೂಡಲೇ ಎಲ್ಲರೂ ಮುಂದಕ್ಕೆ ಬಾಗ್ತಾರೆ, ಹಿಮ್ಮಡಿ ಕೆಳಗಿನ ಕೂದಲಿಗೆ ಭಾರ ಬೀಳಲ್ಲ, ಜಾರುತ್ತೆ. ಬೆನ್ನು ನೆಟ್ಟಗಿಟ್ಟು ಹಿಮ್ಮಡಿಗೆ ಭಾರ ಕೊಡಿ. ಹೀಲ್ ರೈಸರ್ (ಏರಿನಲ್ಲಿ ಹಿಮ್ಮಡಿ ಎತ್ತರಿಸೋ ಆಸರೆ) ಮೇಲಿನ ಹಂತದಲ್ಲಿದ್ದರೆ ಒಂದು ಹಂತ ಇಳಿಸಿ. ಗಾಳಿಗೆ ಗಟ್ಟಿಯಾದ ಭಾಗ ಕಂಡರೆ ಸ್ಕೀ ಕ್ರ್ಯಾಂಪನ್ (ಹಿಮ ಕಚ್ಚೋ ಲೋಹದ ಹಲ್ಲು) ಅಲ್ಲಿಗೆ ಹೋಗೋ ಮುಂಚೆಯೇ ಹಾಕಿ, ನಡು ಇಳಿಜಾರಲ್ಲಿ ನಿಂತು ಹಾಕೋದು ಸರ್ಕಸ್.

ಬಿಸಿಲಿನ ಒದ್ದೆ ಹಿಮದಿಂದ ನೆರಳಿನ ಪುಡಿಹಿಮಕ್ಕೆ ಹೋದರೆ ಕೂದಲಲ್ಲಿ ಹಿಮ ಗಡ್ಡೆ ಕಟ್ಟುತ್ತೆ. ಬೆಳಿಗ್ಗೆಯೇ ಸ್ಕಿನ್ ವ್ಯಾಕ್ಸ್ ಉಜ್ಜಿರಬೇಕು. ಒಂದಿಳಿತ ಮುಗಿಸಿ ಮತ್ತೆ ಹತ್ತೋದಿದ್ದರೆ ಸ್ಕಿನ್ ಜಾಕೆಟ್ ಒಳಗಿರಲಿ, ತಣ್ಣಗಾದ ಅಂಟು ಹಿಡಿಯಲ್ಲ. ಜೇಬಲ್ಲಿ ಎರಡು ರಬ್ಬರ್ ಸ್ಕೀ ಸ್ಟ್ರ್ಯಾಪ್ ಇಟ್ಟಿರಿ, ಬಾಲದ ಕಡೆ ಬಿಟ್ಟುಕೊಂಡರೆ ಸುತ್ತಿ ಕಟ್ಟೋಕೆ.

ಬಿಳಿಬೆಟ್ಟ
ಸ್ಕಿನ್ ಚರ್ಚೆ ಸರಿ, ಆದರೆ ಅಫರ್ವತ್‌ನಲ್ಲಿ ಜೀವ ತೆಗೆಯೋದು ಹಿಮಕುಸಿತ. ಅಲ್ಲಿ ಸ್ಕೀ ಪ್ಯಾಟ್ರೋಲ್ (ಸುರಕ್ಷತಾ ತಂಡ) ನೋಡಿಕೊಳ್ಳೋದು ಗೊಂಡೋಲ ಸುತ್ತಲಿನ ಇಳಿಜಾರು ಮಾತ್ರ. ಗಡಿಯ ಹಗ್ಗ ದಾಟಿದ ಮೇಲೆ ಹೊಣೆ ನಿಮ್ಮದು. ಕುಸಿತ ಹೆಚ್ಚಾಗಿ ಆಗೋದು 30ರಿಂದ 45 ಡಿಗ್ರಿ ಇಳಿಜಾರಲ್ಲಿ. ಹೊಸ ಹಿಮ ಬಿದ್ದು ಗಾಳಿ ಬೀಸಿದ್ದರೆ ಒಂದೆರಡು ದಿನ ಏಣಿನ ಮೇಲೆ, ಕಡಿಮೆ ಇಳಿಜಾರಲ್ಲೇ ಇರಿ. ಕಾಲಡಿ ಹಿಮ ‘ಧುಂ’ ಅಂತ ಕುಸಿದ ಸದ್ದು ಬಂದರೆ ಮಾತಿಲ್ಲ, ವಾಪಸ್.

457 ಕಿಲೋಹರ್ಟ್ಜ್ ಟ್ರಾನ್ಸಿವರ್ (ಹಿಮದಡಿ ಹೂತವರನ್ನು ಹುಡುಕೋ ರೇಡಿಯೋ ಸಾಧನ), 240 ಸೆಂ.ಮೀ.ಗೆ ಕಮ್ಮಿಯಿಲ್ಲದ ಪ್ರೋಬ್ (ಹಿಮಕ್ಕೆ ಚುಚ್ಚಿ ಹುಡುಕೋ ಕೋಲು), ಲೋಹದ ಸಲಿಕೆ ನಾಲ್ವರ ಹತ್ತಿರವೂ ಇರಬೇಕು. ಮೊಬೈಲನ್ನು ಟ್ರಾನ್ಸಿವರ್‌ನಿಂದ 20 ಸೆಂ.ಮೀ. ದೂರ ಇಡಿ, ಹುಡುಕುವಾಗ 50.

ದುರ್ಗದ ಬಂಡೆ, ಚಿತ್ರದುರ್ಗ
ತಯಾರಿಗೆ ನಮ್ಮೂರ ಹತ್ತಿರದ ಜೋಗಿಮಟ್ಟಿ ಬೆಟ್ಟ ಇದೆಯಲ್ರೀ! ಅರಣ್ಯ ಇಲಾಖೆಯ ಗೇಟ್ ಸಮಯ ಮೊದಲೇ ಕೇಳ್ಕೊಳ್ಳಿ. 10 ಕೆಜಿ ಚೀಲ ಹೊತ್ತು, ಉಸಿರು ಕಟ್ಟದೆ ಮಾತಾಡೋಕೆ ಆಗುವ ವೇಗದಲ್ಲಿ ಹತ್ತಿ. ಇಳಿಯೋದನ್ನೂ ಬಿಡಬೇಡಿ, ತೊಡೆ ಸೋಲೋದು ಅಲ್ಲೇ; ಕೋಟೆ ಮೆಟ್ಟಿಲು ಅದಕ್ಕೆ ಒಳ್ಳೇದು. ಬೂಟು, ಸ್ಕೀ, ಬೈಂಡಿಂಗ್ (ಬೂಟನ್ನು ಸ್ಕೀಗೆ ಹಿಡಿಯೋ ಕೊಂಡಿ) ಸೇರಿ ಒಂದೊಂದು ಕಾಲಿಗೆ ಸುಮಾರು ಮೂರು ಕೆಜಿ ತೂಗುತ್ತೆ, ಹಾಗಾಗಿ ಬರೀ ಓಟ ಸಾಲದು.

ಎತ್ತರಕ್ಕೆ ಮಾತ್ರ ಇಲ್ಲಿ ತಯಾರಿ ಇಲ್ಲ. ದಾವಣಗೆರೆ ಇರೋದು 600 ಮೀಟರ್ ಆಸುಪಾಸು, ಗುಲ್ಮಾರ್ಗ್ 2,650, ಗೊಂಡೋಲದ ಎರಡನೇ ಹಂತ ಸುಮಾರು 3,950. ಅಲ್ಲಿ ಎರಡು ರಾತ್ರಿ ಕಳೆದು, ಮೊದಲು ಗೊಂಡೋಲದ ಮೊದಲ ಹಂತ ಮುಗಿಯೋ ಕೊಂಗ್ಡೂರಿವರೆಗೆ ಮಾತ್ರ ಹತ್ತಿ ಇಳೀರಿ. ತಲೆನೋವಿನ ಜೊತೆ ವಾಂತಿ ಬಂದರೆ ಮೇಲೆ ಹೋಗಬೇಡಿ.

ಬಾತಿಗುಡ್ಡ, ದಾವಣಗೆರೆ
ಥ್ಯಾಂಕ್ಸ್ ಎಲ್ರಿಗೂ. ಮುಂದಿನ ಬೇಸಿಗೆಗೆ ಸ್ಕಿನ್ ಫ್ರಿಜ್ಜಲ್ಲಿ ಇಡಬಹುದಾ?

ಹಿಮಗಾಲು
ಇಡಬಹುದು, ಫ್ರೀಜರ್ ಬೇಡ. ಪೂರ್ತಿ ಒಣಗಿಸಿ, ಅಂಟಿಗೆ ಅಂಟು ತಾಗದಂತೆ ನಡುವೆ ಬಲೆ ಹಾಳೆ ಹಾಕಿ, ಜಿಪ್ ಕವರಲ್ಲಿ ಮುಚ್ಚಿ. ಹೊರಗೆ ತೆಗೆದಾಗ ಕವರ್ ಬಿಚ್ಚದೆ ಒಂದೆರಡು ಗಂಟೆ ಬಿಡಿ, ಇಲ್ಲಾಂದ್ರೆ ಅಂಟಿನ ಮೇಲೆ ನೀರು ಕೂರುತ್ತೆ. ಟ್ರಾನ್ಸಿವರ್ ಬ್ಯಾಟರಿಯನ್ನೂ ಆಗಲೇ ತೆಗೆದಿಡಿ, ಸೋರಿದರೆ ಒಳಗಿನ ಕಾಂಟ್ಯಾಕ್ಟ್ ಹಾಳು.