ಜೋಗಕ್ಕೆ ಹೋಗುವವರನ್ನು ನಮ್ಮೂರಲ್ಲಿ ಒಂದು ರಾತ್ರಿ ಉಳಿಸಿಕೊಳ್ಳೋದು ಹೇಗೆ?

ಸಿದ್ದಾಪುರದವ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ನಮ್ಮದು ಉತ್ತರ ಕನ್ನಡದ ಸಿದ್ದಾಪುರ ತಾಲ್ಲೂಕಿನ ಒಂದು ಹಳ್ಳಿ. ಯುವಕ ಸಂಘದ ಹಳೇ ಸಭಾಭವನ ಇದೆ. ಹೆಂಚಿನ ಮಾಡು, ಸಣ್ಣ ರಂಗಸ್ಥಳ, ಹಿಂದೆ ಎರಡು ಕೋಣೆ. ವರ್ಷಕ್ಕೆ ನಾಲ್ಕಾರು ತಾಳಮದ್ದಳೆ, ಒಂದು ಯಕ್ಷಗಾನದ ಆಟ, ಉಳಿದಂತೆ ಮದುವೆ, ಸೊಸೈಟಿ ಮೀಟಿಂಗು. ಅದನ್ನೇ ದುರಸ್ತಿ ಮಾಡಿ ಕಲಾಕೇಂದ್ರ ಮಾಡೋಣ ಅಂತ ಮಾತಾಗಿದೆ.

ಮಳೆಗಾಲದ ಶನಿವಾರ, ಭಾನುವಾರ ಜೋಗಕ್ಕೆ ಹೋಗುವ ಕಾರುಗಳು ನಮ್ಮ ಕಣ್ಣೆದುರೇ ಸಾಲು ಸಾಲಾಗಿ ಹೋಗುತ್ತವೆ. ಚಾ ಕುಡಿಯಲಿಕ್ಕೂ ಯಾರೂ ಇಳಿಯುವುದಿಲ್ಲ. "ಮೊದಲು ಕಟ್ಟಡ ದೊಡ್ಡದಾಗಲಿ, ಎಸಿ ಬರಲಿ, ಜನ ತಾವಾಗೇ ಬರ್ತಾರೆ" ಅಂತ ಸಂಘದಲ್ಲಿ ಕೆಲವರ ವಾದ. ನನಗ್ಯಾಕೋ ನಂಬಿಕೆ ಬರುತ್ತಿಲ್ಲ. ಇಂಥದ್ದನ್ನು ಹತ್ತಿರದಿಂದ ನೋಡಿದವರು ಯಾರಾದರೂ ಇದ್ದೀರಾ?

ತೋಟದಮನೆ (ಸಾಗರ ತಾಲ್ಲೂಕು, ಹೋಮ್‌ಸ್ಟೇ):

ಕಟ್ಟಡಕ್ಕೆ ಸದ್ಯ ದುಡ್ಡು ಸುರಿಯಬೇಡಿ. ಹೆಂಚು ಸೋರುತ್ತಿದ್ದರೆ ಸರಿ ಮಾಡಿಸಿ, ಟಾಯ್ಲೆಟ್ ಚೆನ್ನಾಗಿ ಕಟ್ಟಿಸಿ. ಅಷ್ಟು ಸಾಕು.

ನಮ್ಮ ಮನೆ ಹೆಗ್ಗೋಡಿನ ಹತ್ತಿರ. ಅಲ್ಲಿನ ನಾಟಕ ಸಂಸ್ಥೆ ನೀನಾಸಮ್ ಶುರುವಾಗಿದ್ದು 1949ರಲ್ಲಿ. ಪ್ರವಾಸಿಗರಿಗಾಗಿ ಅಲ್ಲವೇ ಅಲ್ಲ, ಊರವರು ನಾಟಕ ಆಡಲಿಕ್ಕೆ. 1991ರಲ್ಲಿ ಅದನ್ನು ಕಟ್ಟಿದ ಕೆ.ವಿ. ಸುಬ್ಬಣ್ಣನವರಿಗೆ ಮ್ಯಾಗ್ಸೆಸೆ ಪ್ರಶಸ್ತಿ ಬಂದ ಮೇಲೆ ಹೆಸರು ದೂರ ದೂರ ಹೋಯಿತು, ನಿಜ. ಆದರೆ ನನ್ನ ಕೋಣೆ ತುಂಬುವುದು ಬರೀ ಹೆಸರಿನಿಂದಲ್ಲ. ಅಕ್ಟೋಬರ್ ಹೊತ್ತಿಗೆ ಸಂಸ್ಕೃತಿ ಶಿಬಿರ ಇದ್ದೇ ಇರುತ್ತದೆ ಅಂತ ಬೆಂಗಳೂರು, ಮೈಸೂರಿನವರಿಗೆ ಗೊತ್ತು. ಮೊದಲೇ ರಜೆ ಹಾಕುತ್ತಾರೆ. ರಾತ್ರಿ ತಾಳಗುಪ್ಪ ರೈಲು ಹತ್ತಿ ಬೆಳಗ್ಗೆ ಸಾಗರದಲ್ಲಿ ಇಳಿಯುತ್ತಾರೆ. ನಾಟಕ ಇರುವುದು ಸಂಜೆ, ಹಾಗಾಗಿ ರಾತ್ರಿ ಉಳಿಯಲೇಬೇಕು! ಜೋಗದಲ್ಲಾದರೆ ನೋಡಿದರು, ಫೋಟೋ ತೆಗೆದರು, ಹೊರಟರು.

ಉಳಿದವರು ಮರುದಿನ ಬೆಳಗ್ಗೆ "ಇನ್ನೇನಿದೆ ನೋಡಲಿಕ್ಕೆ?" ಅಂತ ನನ್ನನ್ನೇ ಕೇಳುತ್ತಾರೆ. ಕೆಳದಿ, ಇಕ್ಕೇರಿ ದೇವಸ್ಥಾನ ಹೇಳುತ್ತೇನೆ. ಭೀಮನಕೋಣೆಯ ಚರಕ ಅನ್ನೋ ಕೈಮಗ್ಗದ ಸಂಘಕ್ಕೆ ಕಳಿಸಿದರೆ ಅಡಿಕೆ ಚೊಗರಿನ ಬಣ್ಣದ ಕೈಮಗ್ಗದ ಬಟ್ಟೆ ತಾರದೆ ಬರುವುದಿಲ್ಲ. ಆಟೋದವರಿಗೆ ಬಾಡಿಗೆ ಆಯಿತು, ಪಕ್ಕದ ಮನೆಯವರ ಅಪ್ಪೆಮಿಡಿ ಉಪ್ಪಿನಕಾಯಿಯೂ ಖರ್ಚಾಯಿತು. ಟಿಕೆಟ್ ದುಡ್ಡು ಇದರ ಮುಂದೆ ಏನೂ ಅಲ್ಲ.

ನಿಮ್ಮ ಕಡೆ ಯಕ್ಷಗಾನ ಇದೆ, ಅದನ್ನೇ ಹಿಡಿಯಿರಿ. ಮೇಳಗಳ ತಿರುಗಾಟ ದೀಪಾವಳಿ ಆಚೀಚೆ ಶುರುವಾಗಿ ಮೇ ಕೊನೆಗೆ ಮುಗಿಯುತ್ತದೆ. ಜೋಗ ತುಂಬಿ ಬೀಳುವುದು ಜುಲೈಯಿಂದ ಸೆಪ್ಟೆಂಬರ್. ಅಂದರೆ ಪ್ರವಾಸಿಗರು ಬರುವ ಹೊತ್ತಿಗೆ ಸರಿಯಾಗಿ ಎಷ್ಟೋ ಕಲಾವಿದರು ಆಟವಿಲ್ಲದೆ ಮನೆಯಲ್ಲಿರುತ್ತಾರೆ. ನಿಮ್ಮ ಹತ್ತಿರ ಮಳೆ ತಾಗದ ರಂಗಸ್ಥಳ ಇದೆ. ಮಳೆಗಾಲದ ಪ್ರತಿ ಶನಿವಾರ ಸಂಜೆ ಒಂದೂವರೆ ಗಂಟೆಯ ಪ್ರಸಂಗ ಇಟ್ಟುಕೊಳ್ಳಿ. ಇಡೀ ರಾತ್ರಿ ಆಟಕ್ಕೆ ಹೊರಗಿನವರು ಕೂರುವುದಿಲ್ಲ. ಬಿಡಿ, ಈಗ ಊರವರೇ ಎಲ್ಲಿ ಕೂರುತ್ತಾರೆ?

ಆಟಕ್ಕಿಂತ ಮೊದಲು ಚೌಕಿ, ಅಂದರೆ ವೇಷ ಕಟ್ಟುವ ಕೋಣೆ ತೋರಿಸಿ. ಪುಣೆಯಿಂದ ಬಂದ ಒಂದು ಕುಟುಂಬವನ್ನು ಹತ್ತಿರದ ಆಟಕ್ಕೆ ಕರೆದುಕೊಂಡು ಹೋಗಿದ್ದೆ. ಕನ್ನಡ ಒಂದಕ್ಷರ ಬಾರದು. ಆದರೆ ವೇಷದವರು ಕನ್ನಡಿ ಹಿಡಿದು ತಮ್ಮ ಮುಖಕ್ಕೆ ತಾವೇ ಬಣ್ಣ ಹಚ್ಚಿಕೊಳ್ಳುವುದು, ಬಟ್ಟೆ ಸುತ್ತಿ ಸುತ್ತಿ ತಲೆಯ ಮೇಲೇ ಕೇದಗೆ ಮುಂದಲೆ ಅನ್ನೋ ಪಗಡಿ ಕಟ್ಟಿ ರಿಬ್ಬನ್ ಬಿಗಿಯುವುದು ನೋಡುತ್ತ ಆ ಮಕ್ಕಳು ಕದಲಲೇ ಇಲ್ಲ. ಟೋಪಿ ಥರ ತಂದು ಇಟ್ಟುಕೊಳ್ಳೋದು ಅಂದುಕೊಂಡಿದ್ದರಂತೆ! ಏನೇ ಮಾಡಿ, ಕಲಾವಿದರನ್ನು ಕೇಳಿ ಮಾಡಿ. ಚೌಕಿ ಗಣಪತಿ ಪೂಜೆ ಆಗುವ ಜಾಗ. ಎಲ್ಲರೂ ಮೊಬೈಲ್ ಹಿಡಿದು ನುಗ್ಗಿದರೆ ಅವರಿಗೂ ಕಿರಿಕಿರಿ ಅಲ್ವಾ? ಬಾಗಿಲ ಬಳಿ ಬೆಂಚು ಹಾಕಿ, ಅಲ್ಲಿಂದಲೇ ನೋಡಲಿ.

ರಾಮನಗರದ ಕಡೆಯವ:

ತೋಟದಮನೆ ಅಕ್ಕ ಹೇಳಿದ್ದು ಸರಿ, ಆದರೆ ದಾರಿಯ ವಿಷಯ ಬಿಟ್ಟರು. ನಮ್ಮಲ್ಲಿ ಎಚ್.ಎಲ್. ನಾಗೇಗೌಡರು ಕಟ್ಟಿದ ಜಾನಪದ ಲೋಕ ಇದೆ, 15 ಎಕರೆ ಜಾಗ. ಹಳೇ ಬೆಂಗಳೂರು–ಮೈಸೂರು ರಸ್ತೆಗೆ ತಾಗಿಕೊಂಡೇ ಇದೆ. ಮೈಸೂರಿಗೆ ಹೊರಟವರು ತಿಂಡಿಗೆ ಅಂತ ನಿಲ್ಲಿಸಿ, ಹಾಗೇ ಒಳಗೊಂದು ಸುತ್ತು ಹಾಕುತ್ತಿದ್ದರು. 2023ರಲ್ಲಿ ಎಕ್ಸ್‌ಪ್ರೆಸ್‌ವೇ ಉದ್ಘಾಟನೆಯಾಯಿತು. ಈಗ ಅದರಲ್ಲಿ ಹೋಗುವ ಕಾರುಗಳು ರಾಮನಗರ, ಚನ್ನಪಟ್ಟಣ ಎರಡನ್ನೂ ಹೊರಗಿನಿಂದಲೇ ದಾಟುತ್ತವೆ. ವ್ಯಾಪಾರ ಏನಾಯಿತು ಅಂತ ಚನ್ನಪಟ್ಟಣದ ಬೊಂಬೆ ಅಂಗಡಿಯವರನ್ನು ಕೇಳಿ ನೋಡಿ.

ಕಣ್ಣೆದುರು ಕಾರುಗಳ ಸಾಲಿದೆ ಅಂತ ಅದನ್ನೇ ನಂಬಿಕೊಂಡು ಕೂರಬೇಡಿ. ಶನಿವಾರದ ಆಟ ಅಂತಲೇ ಹುಡುಕಿಕೊಂಡು ಬರಬೇಕು. ಹಾಂ, ಬೋರ್ಡನ್ನು ಊರ ತಿರುವಿನಲ್ಲಿ ಹಾಕಬೇಡಿ. ಸ್ಪೀಡಾಗಿ ಬರುವವರಿಗೆ ಕಾಣುವಷ್ಟರಲ್ಲಿ ಮುಂದೆ ಹೋಗಿರುತ್ತಾರೆ. ಎರಡು ಕಿಲೋಮೀಟರ್ ಮೊದಲೇ ಹಾಕಿ, ಆಟದ ಸಮಯ ದೊಡ್ಡದಾಗಿ ಬರೆಸಿ.

ಸಿದ್ದಾಪುರದವ:

ಇಬ್ಬರಿಗೂ ಥ್ಯಾಂಕ್ಸ್. ಸೀಸನ್ ಲೆಕ್ಕ ನಾಳೆಯೇ ಸಂಘದಲ್ಲಿ ಹೇಳುತ್ತೇನೆ. ಆದರೆ ಮೊದಲ ಶನಿವಾರ ಐದೇ ಜನ ಬಂದರೆ? ಹಿಮ್ಮೇಳದ ಹಾಡು-ವಾದ್ಯದವರು, ಮುಮ್ಮೇಳದ ವೇಷದವರು ಸೇರಿ ಎಂಟು-ಹತ್ತು ಜನಕ್ಕೆ ಸಂಭಾವನೆ ಎಲ್ಲಿಂದ ತರೋದು ಅಕ್ಕಾ?

ತೋಟದಮನೆ:

ಐದೇ ಜನ ಬಂದರೂ ಆಟ ನಿಲ್ಲಿಸಬೇಡಿ. ನಮ್ಮ ಅತಿಥಿಗಳು ಒಮ್ಮೆ ನೆಟ್‌ನಲ್ಲಿ ನೋಡಿಕೊಂಡು ಬೇರೊಂದು ಊರಿನ ಕಲಾಭವನಕ್ಕೆ ಹೋಗಿದ್ದರು. ಬಾಗಿಲಿಗೆ ಬೀಗ. ಫೋನ್ ಮಾಡಿದರೆ "ಜನ ಕಡಿಮೆ, ಅದಕ್ಕೇ ಕ್ಯಾನ್ಸಲ್" ಅಂದರಂತೆ. ಆಮೇಲೆ ನಾನು ಅಲ್ಲಿಗೆ ಯಾರನ್ನೂ ಕಳಿಸಿಲ್ಲ.

ಎಂಟು-ಹತ್ತು ಜನ ಯಾಕೆ? ಭಾಗವತರು, ಮದ್ದಳೆ, ಚಂಡೆ, ಮೂರು ವೇಷ. ಬಬ್ರುವಾಹನ, ಅರ್ಜುನ, ಚಿತ್ರಾಂಗದೆ ಇದ್ದರೆ ಒಂದೂವರೆ ಗಂಟೆ ತುಂಬುತ್ತದೆ. ಮೊದಲ ಮಳೆಗಾಲಕ್ಕೆ ಬಾಗಿಲಲ್ಲಿ ಮಾರುವ ಟಿಕೆಟ್ ನಂಬಬೇಡಿ. ಸುತ್ತಲಿನ ಹೋಮ್‌ಸ್ಟೇಯವರನ್ನು ಕೂರಿಸಿ ಮಾತಾಡಿ. ಶನಿವಾರದ ಬಾಡಿಗೆಯಲ್ಲೇ ಆಟ, ಊಟ ಎರಡನ್ನೂ ಸೇರಿಸಿ, ತಲೆಗೆ ಇಷ್ಟು ಅಂತ ಸಂಘಕ್ಕೆ ಕೊಡಲಿ. ಕೋಣೆ ತುಂಬುತ್ತದೆ ಅಂದರೆ ಯಾರು ಬೇಡ ಅಂತಾರೆ? ನನ್ನನ್ನು ಕೇಳಿದ್ದರೆ ನಾನಂತೂ ಒಪ್ಪುತ್ತಿದ್ದೆ.

ಊಟಕ್ಕೆ ಪೇಟೆಯ ಕೇಟರಿಂಗ್ ಕರೆಸಬೇಡಿ. ನಿಮ್ಮೂರ ಮಹಿಳಾ ಸಂಘದವರು ಮಾಡಲಿ. ತೊಡೆದೇವು ಅನ್ನೋ ತೆಳ್ಳನೆ ಸಿಹಿ ತಿಂಡಿ ಮಾಡಲಿಕ್ಕೆ ಬರುವವರಿದ್ದರೆ ಚೌಕಿಯ ಪಕ್ಕದಲ್ಲೇ ಒಲೆ ಹೂಡಿ. ಬೋರಲು ಹಾಕಿದ ಮಡಕೆಯ ಮೇಲೆ ಹಿಟ್ಟು ಸವರಿ, ತೆಳ್ಳಗೆ ಎಬ್ಬಿಸುವುದನ್ನು ಎದುರಿಗೆ ನೋಡಿದವರು ಪೊಟ್ಟಣ ಕೊಳ್ಳದೆ ಹೋಗುವುದಿಲ್ಲ. ಹಿಟ್ಟಿಗೆ ಹಾಕುವ ಕಬ್ಬಿನ ಹಾಲು ಮಳೆಗಾಲದಲ್ಲಿ ಸಿಗಲ್ಲ, ಜೋನಿಬೆಲ್ಲದಲ್ಲೇ ಮಾಡಿ, ನಡೆಯುತ್ತದೆ.