ಅಡಿಟಿಪ್ಪಣಿಯಲ್ಲಿ ಮೂವತ್ತೋ ನಲವತ್ತೋ

ಶ್ರೀಧರ (ಯೂಟಾ): ಲಿಂಕ್ ಹಾಕಿದ್ದೀನಿ, ನೋಡಿ. ನಮ್ಮ ಪಕ್ಕದ ಮನೆಯವರು ಮಾರ್ಮನ್ನರು, ಅಮೆರಿಕದಲ್ಲಿ ಹುಟ್ಟಿದ ಒಂದು ಕ್ರೈಸ್ತ ಪಂಥದವರು. ಅದರ ಸ್ಥಾಪಕ ಜೋಸೆಫ್ ಸ್ಮಿತ್‌ಗೆ ಎಷ್ಟು ಜನ ಹೆಂಡತಿಯರು ಅಂತ ಅವರ ಮಗಳು ಕೇಳಿದ್ಲಂತೆ. ಇದು ಚರ್ಚಿನವರೇ 2014ರಲ್ಲಿ ಹಾಕಿದ ಲೇಖನ.

ರಘು ಮಾವ: ಓದಿದೆ. ಮೆಚ್ಚಬೇಕಪ್ಪ. ಸ್ಥಾಪಕನ ಬಹುಪತ್ನಿತ್ವವನ್ನ ತಮ್ಮ ವೆಬ್‌ಸೈಟಲ್ಲೇ ಒಪ್ಕೊಂಡಿದ್ದಾರೆ. ನಮ್ಮ ಯಾವ ಮಠ ಹೀಗೆ ಬರೆದೀತು?

ವೀಣಾ: ಸಂಖ್ಯೆ ಎಲ್ಲಿದೆ ನೋಡಿದ್ರಾ ಮಾವ? ಮೇಲೆ ‘ನಿಖರವಾಗಿ ಗೊತ್ತಿಲ್ಲ’. 30ರಿಂದ 40 ಅನ್ನೋದು ಅಡಿಟಿಪ್ಪಣಿಯಲ್ಲಿ! ಆ ಹೆಂಡತಿಯರಲ್ಲಿ ಒಬ್ಬಳಾದ ಹೆಲೆನ್ ಮಾರ್ ಕಿಂಬಲ್‌ಗೆ ‘15ನೇ ಹುಟ್ಟುಹಬ್ಬಕ್ಕೆ ಕೆಲವು ತಿಂಗಳ ಮುಂಚೆ’ ಮದುವೆಯಂತೆ. 14 ಅಂತ ಬರೆಯೋಕೆ ಏನು ದಾಡಿ?

ರಘು ಮಾವ: ಅಡಿಟಿಪ್ಪಣಿ ಓದೋದು ಓದುಗನ ಕೆಲಸ ಕಣಮ್ಮ.

ವೀಣಾ: ಭಾನುವಾರ ಪ್ರಾರ್ಥನೆಗೆ ಬರೋರು ಪಿಎಚ್‌ಡಿ ಪರೀಕ್ಷಕರಾ?

ಪದ್ಮತ್ತೆ: ಬಿಳಿ ಷರಟು, ಟೈ, ಜೋಡಿಯಾಗಿ ಓಡಾಡ್ತಾರಲ್ಲ, ಆ ಹುಡುಗರು ಇವರ ಕಡೆಯವರೇನಾ?

ಶ್ರೀಧರ: ಹೂಂ ಅತ್ತೆ, ಅವರೇ. ಬೆಂಗಳೂರಲ್ಲಿ ಟೆಂಪಲ್ ಕಟ್ತೀವಿ ಅಂತ 2018ರಲ್ಲೇ ಘೋಷಿಸಿದ್ದಾರೆ.
ಅಕ್ಕ, ಪಕ್ಕದ ಮನೆಯಾತನ ಬೇಜಾರು ಬೇರೆ. ಚಿಕ್ಕಂದಿನಿಂದ ಆತ ನೋಡಿದ ಚಿತ್ರಗಳಲ್ಲೆಲ್ಲ ಸ್ಮಿತ್ ತನಗೆ ಸಿಕ್ಕಿತು ಅಂದ ಚಿನ್ನದ ತಗಡು ಎದುರಿಗಿಟ್ಕೊಂಡು ಓದ್ತಾ, ಅದನ್ನ ‘ಬುಕ್ ಆಫ್ ಮಾರ್ಮನ್’ ಅನ್ನೋ ಅವರ ಧರ್ಮಗ್ರಂಥವಾಗಿ ಅನುವಾದಿಸ್ತಾ ಕೂತಿದ್ದ. ಆಮೇಲೆ ನೋಡಿದ್ರೆ, ಟೋಪಿಯೊಳಗೆ ಕಲ್ಲು ಹಾಕಿ, ಅದರಲ್ಲೇ ಮುಖ ಹುದುಗಿಸಿ ಹೇಳಿ ಬರೆಸಿದ್ದು ಅಂತ ಚರ್ಚಿನ ಇನ್ನೊಂದು ಲೇಖನವೇ ಹೇಳ್ತಿದೆ. ಕಲ್ಲಿನ ಫೋಟೋ ಹೊರಬಿಟ್ಟದ್ದು 2015ರಲ್ಲಿ, ಮೊಟ್ಟೆ ಆಕಾರದ ಕಂದು ಕಲ್ಲು. ‘ಕಲ್ಲಾದರೇನು, ತಗಡಾದರೇನು, ನಾನು ನಂಬ್ತಿದ್ದೆ. ಇಷ್ಟು ವರ್ಷ ಯಾಕೆ ಹೇಳಲಿಲ್ಲ?’ ಅಂತಾನೆ.

ರಘು ಮಾವ: ಈಗ ಹೇಳ್ತಿದ್ದಾರಲ್ಲೋ! 2013ರ ಚರ್ಚಿನ ಮಹಾಸಭೆಯಲ್ಲಿ ಉಕ್ಟ್‌ಡಾರ್ಫ್ ಅನ್ನೋ ಹಿರಿಯರು, ನಾಯಕರೂ ತಪ್ಪು ಮಾಡಿದ್ದುಂಟು ಅಂದ್ರು. ಈ ಲೇಖನಗಳು ನಿಮಗೆ ಅಂಗೈ ನೆಲ್ಲಿಯಾಗಿರಬೇಕು ಅಂತ ಬ್ಯಾಲರ್ಡ್ ಅನ್ನೋ ಇನ್ನೊಬ್ಬ ಹಿರಿಯರು 2016ರಲ್ಲಿ ಚರ್ಚಿನ ಶಿಕ್ಷಕರಿಗೆ ಹೇಳಿದ್ರು.

ವೀಣಾ: ಅದೇ ಉಕ್ಟ್‌ಡಾರ್ಫ್ ಅದೇ ಭಾಷಣದಲ್ಲಿ, ನಂಬಿಕೆ ಮೇಲೆ ಅನುಮಾನ ಪಡೋ ಮುಂಚೆ ನಿಮ್ಮ ಅನುಮಾನದ ಮೇಲೇ ಅನುಮಾನ ಪಡಿ ಅಂದಿದ್ದು ಬಿಟ್ಬಿಟ್ರಿ! ಹೆಂಗಸರಿಗೂ ಪೌರೋಹಿತ್ಯ ಕೊಡಿ ಅಂದ ಕೇಟ್ ಕೆಲಿಯನ್ನ 2014ರಲ್ಲಿ ಹೊರಗೆ ಹಾಕಿದ್ರು. ಪಾಡ್‌ಕಾಸ್ಟ್ ಮಾಡ್ತಿದ್ದ ಜಾನ್ ಡೆಹ್ಲಿನ್‌ನ ಮರುವರ್ಷ.

ಶ್ರೀಧರ: ಪ್ರಶ್ನೆ ಕೇಳಿದ್ದಕ್ಕಲ್ಲ, ವಿರುದ್ಧ ಪ್ರಚಾರಕ್ಕೆ ಅಂತ ಚರ್ಚಿನ ವಾದ.

ವೀಣಾ: ಮನೇಲಿ ಕೇಳಿದ್ರೆ ಪ್ರಶ್ನೆ, ಮೈಕಲ್ಲಿ ಕೇಳಿದ್ರೆ ಪ್ರಚಾರ. ಸರಿ.

ರಘು ಮಾವ: ಗೆರೆ ಅಂತ ಒಂದು ಎಲ್ಲ ಸಂಸ್ಥೆಗೂ ಇರುತ್ತೆ. ನೀನು ಬರೀ ಹುಳುಕು ಹುಡುಕ್ತೀಯ. ಕಪ್ಪು ಜನರಿಗೆ ಪೌರೋಹಿತ್ಯ ಇಲ್ಲ ಅಂತಿದ್ದ ನಿಯಮ 1978ರಲ್ಲಿ ಹೋಯ್ತು. ಅದಕ್ಕೆ ಹಿಂದಿನವರು ಕೊಡ್ತಿದ್ದ ಕಾರಣಗಳನ್ನೂ ಮತ್ತೊಂದು ಲೇಖನದಲ್ಲಿ ತಳ್ಳಿಹಾಕಿದ್ದಾರೆ. ಅದು ಸಣ್ಣ ಮಾತಾ?

ವೀಣಾ: ಕಾರಣ ತಳ್ಳಿಹಾಕಿದ್ರು. ಕ್ಷಮೆ? ಇಡೀ ಲೇಖನ ಜಾಲಾಡಿದೆ, ಸಿಗಲಿಲ್ಲ. ಚರ್ಚು ಕ್ಷಮಾಪಣೆ ಬಯಸೋದೂ ಇಲ್ಲ, ಕೊಡೋದೂ ಇಲ್ಲ ಅಂತ ಚರ್ಚಿನ ಹಿರಿಯ ನಾಯಕ ಡಾಲಿನ್ ಓಕ್ಸ್ 2015ರಲ್ಲಿ ಪತ್ರಿಕೆಗೆ ಹೇಳಿದ್ರು. ಅದಕ್ಕೇನಂತೀರಿ?

ರಘು ಮಾವ: ಅದು ಅಹಂಕಾರ. ಅಲ್ಲ ಅನ್ನಲ್ಲ. ಲೇಖನದ ಬಗ್ಗೆ ನಾನು ಹೇಳಿದ್ದು ಮಾತ್ರ ವಾಪಸ್ ತಗೊಳ್ಳಲ್ಲ.