ಕ್ರೋನೋಗ್ರಾಫಿಗೆ ಕನ್ನಡದಲ್ಲಿ ಏನೆನ್ನುವುದು? (ತುರ್ತು, ನಾಳೆ ಅಚ್ಚಿಗೆ)

ಬಲ್ಲವರಿಗೆ ನಮಸ್ಕಾರ. ನನ್ನ ಸೋದರಮಾವ ಗಲ್ಫಿನಲ್ಲಿದ್ದಾಗಿನಿಂದ ಕೂಡಿಹಾಕಿದ ಹಳೆಯ ಕೈಗಡಿಯಾರಗಳನ್ನು ಈ ಭಾನುವಾರ ಉಡುಪಿಯಲ್ಲಿ ನಾಲ್ಕು ಜನರಿಗೆ ತೋರಿಸುವುದೆಂದು ಆಗಿದೆ. ಒಂದೊಂದರ ಮುಂದೂ ಕನ್ನಡದ ಚೀಟಿ. ನಾಳೆ ಮಧ್ಯಾಹ್ನ ಪ್ರೆಸ್ಸಿಗೆ ಕೊಡಬೇಕು.

ವಸ್ತು ಇಂಥದ್ದು: ಸೈಕೋ 6139, 1969ರಲ್ಲಿ ಬಂದ ಮಾದರಿ. ಕೀ ಕೊಡುವುದು ಬೇಡ, ಕೈಯ ಅಲುಗಾಟಕ್ಕೇ ಸ್ಪ್ರಿಂಗು ಸುತ್ತಿಕೊಳ್ಳುತ್ತದೆ. ಬಲಬದಿಯಲ್ಲಿ ಎರಡು ಗುಂಡಿ. ಮೇಲಿನದನ್ನು ಒತ್ತಿದರೆ ನಡುವಿನ ಉದ್ದ ಮುಳ್ಳು ಹೊರಡುತ್ತದೆ, ಮತ್ತೆ ಒತ್ತಿದರೆ ನಿಲ್ಲುತ್ತದೆ. ಕೆಳಗಿನದನ್ನು ಒತ್ತಿದರೆ ಟಕ್ಕೆಂದು 12ಕ್ಕೆ ವಾಪಸು. ಆರು ಗಂಟೆಯ ಜಾಗದಲ್ಲಿರುವ ಪುಟ್ಟ ಡಯಲಿನಲ್ಲಿ 30 ನಿಮಿಷದವರೆಗಿನ ಲೆಕ್ಕ. ಗಂಟೆ, ನಿಮಿಷದ ಮುಳ್ಳುಗಳಿಗೆ ಇದರ ಗೊಡವೆಯೇ ಇಲ್ಲ. ‘ಕಾಲಮಾಪಕ’ ಎಂದು ಬರೆದಿದ್ದೆ. ಮಾವ ಹೊಡೆದುಹಾಕಿದರು: “ಅದು ಕ್ರೋನೋಮೀಟರ್ ಮಾರಾಯ, ಇದಲ್ಲ.”

ಕದ್ರಿಯಿಂದ:
ಮಾವನವರು ಹೇಳಿದ್ದು ಸರಿ. ಕ್ರೋನೋಮೀಟರ್ ಎಂಬುದು ನಿಖರತೆಗೆ ಸಿಗುವ ಹೆಸರು. ಸ್ವಿಸ್ ಪರೀಕ್ಷೆಯಲ್ಲಿ ಮಾಮೂಲು ಅಳತೆಯ ಯಂತ್ರವಾದರೆ ದಿನದ ಸರಾಸರಿ 4 ಸೆಕೆಂಡು ಹಿಂದೆ, 6 ಸೆಕೆಂಡು ಮುಂದೆ, ಅದರೊಳಗೆ ಇರಬೇಕು. ಗುಂಡಿಗೂ ಅದಕ್ಕೂ ಸಂಬಂಧವಿಲ್ಲ. ನಿಮ್ಮದಕ್ಕೆ ‘ಕಾಲಲೇಖಿ’. ಗ್ರೀಕಿನ ‘ಕ್ರೋನೋಸ್’ ಕಾಲ, ‘ಗ್ರಾಫೈನ್’ ಬರೆ. ಮುಗಿಯಿತು.

ಪುತ್ತೂರಿನಿಂದ:
ಎಲ್ಲಿ ಮುಗಿಯಿತು? ಏನು ಬರೆಯುತ್ತದಂತೆ ಅದು? ‘ಹೊತ್ತಳಕ’ ಎನ್ನಿ. ಹೊತ್ತು ನಮ್ಮದು, ಅಳೆ ನಮ್ಮದು.

ಕದ್ರಿಯಿಂದ:
1821ರಲ್ಲಿ ಪ್ಯಾರಿಸಿನ ಕುದುರೆ ಓಟದಲ್ಲಿ ರಿಯುಸೆಕ್ ಎಂಬಾತ ಬಳಸಿದ ಯಂತ್ರ ಡಯಲಿನ ಮೇಲೆ ಶಾಯಿಯ ಚುಕ್ಕೆ ಹಾಕುತ್ತಿತ್ತು. ಬರೆಯುತ್ತಿತ್ತು ಎಂದೇ ಆ ಹೆಸರು. ಇನ್ನು ಹೊತ್ತನ್ನು ಗೋಡೆ ಗಡಿಯಾರವೂ ಅಳೆಯುತ್ತದೆ.

ಮಣಿಪಾಲದಿಂದ:
‘ಗಡಿಯಾರ’ದ ಬೇರು ಘಟಿ, ಹಿಂದೆ ಹೊತ್ತು ಅಳೆಯುತ್ತಿದ್ದ ನೀರಿನ ಬಟ್ಟಲು. ಹಾಗಾಗಿ ಆ ಪುಟ್ಟ ಡಯಲಿಗೆ ‘ಗಳಿಗೆಬಟ್ಟಲು’ ಎನ್ನಬಾರದೇ? ನೋಡಲಿಕ್ಕೂ ಬಟ್ಟಲಿನಂತೆಯೇ ಗುಂಡಗೆ.

ಪುತ್ತೂರಿನಿಂದ:
ಗಳಿಗೆಗೆ 24 ನಿಮಿಷ. ಡಯಲಿನಲ್ಲಿರುವುದು 30. ಉಳಿದ ಆರು ನಿಮಿಷ ನೀವು ಇಟ್ಟುಕೊಳ್ಳಿ.

ಸುರತ್ಕಲ್‌ನಿಂದ:
ಅಲ್ಲ ಮಾರಾಯ್ರೆ, ಬರುವವರು ಕಂಬಳ ನೋಡಿದ ಜನ. 2020ರಲ್ಲಿ ಐಕಳದ ಕರೆಯಲ್ಲಿ (ಕೋಣ ಓಡಿಸುವ ಕೆಸರುಗದ್ದೆ) ಶ್ರೀನಿವಾಸ ಗೌಡರು 142.5 ಮೀಟರನ್ನು 13.62 ಸೆಕೆಂಡಿನಲ್ಲಿ ಓಡಿದ್ದು ಎಲ್ಲರ ಬಾಯಲ್ಲಿತ್ತು. ‘ಓಟದ ವಾಚು’ ಎಂದರೆ ಹೆಂಗಸರು, ಮಕ್ಕಳು, ಎಲ್ಲರಿಗೂ ತಲೆಗೆ ಹೋಗುತ್ತದೆ. (ಆ .62 ನಿಮ್ಮ ಸೈಕೋದಲ್ಲಿ ಸಿಗದು ಬಿಡಿ. ಸೆಕೆಂಡಿಗೆ ಆರು ಬಡಿತ ಅದರದು, ಮುಳ್ಳು ಆರನೇ ಒಂದು ಪಾಲಿನಷ್ಟೇ ಜಿಗಿಯುತ್ತದೆ.)

ಪುತ್ತೂರಿನಿಂದ:
‘ವಾಚು’ ಕನ್ನಡವೋ?

ಸುರತ್ಕಲ್‌ನಿಂದ:
ನಿಮ್ಮ ಮನೆಯ ಜನೆಲು, ಅಲಮಾರು, ಸಾರಿಗೆ ಹಾಕುವ ಬಟಾಟೆ? ಪೋರ್ಚುಗೀಸರು ಬಿಟ್ಟುಹೋದದ್ದು. ಮೊದಲು ಅವನ್ನು ಹೊರಗೆ ಹಾಕಿ, ಆಮೇಲೆ ವಾಚಿಗೆ ಬನ್ನಿ.

ಕದ್ರಿಯಿಂದ:
ವಿಷಯ ಬಟಾಟೆಯಲ್ಲ. ಪಾರಿಭಾಷಿಕ ಪದಕ್ಕೆ ಸಂಸ್ಕೃತ ಬಿಟ್ಟರೆ ಗತಿಯಿಲ್ಲ ಎಂದು ಹಿಂದೆಯೇ ಬರೆದಿದ್ದೇನೆ.

ಪುತ್ತೂರಿನಿಂದ:
ಬರೆದಿದ್ದೀರಿ. ಒಪ್ಪಿದವರಿಲ್ಲ.

ಕೇಳಿದವನಿಂದ:
ಎಲ್ಲರಿಗೂ ಉಪಕಾರ. ಮಾವನಿಗೆ ಅಷ್ಟನ್ನೂ ಓದಿಹೇಳಿದೆ. ‘ಕಾಲಲೇಖಿ’ ಕೇಳಿ ಜ್ಯೋತಿಷಿಯ ಬೋರ್ಡಿನ ಹಾಗಿದೆ ಎಂದರು, ‘ಹೊತ್ತಳಕ’ವನ್ನು ಎರಡು ಸಲ ಹೇಳಿಸಿ ನಕ್ಕರು. ಚೀಟಿಯಲ್ಲಿ ಮೇಲೆ ದಪ್ಪಕ್ಕೆ ‘ಕ್ರೋನೋಗ್ರಾಫ್’, ಕೆಳಗೆ ಸಣ್ಣಕ್ಕೆ ‘ಓಟದ ಹೊತ್ತು ಹಿಡಿಯುವ ಕೈಗಡಿಯಾರ’ ಎಂದು ಹಾಕುತ್ತಿದ್ದೇವೆ. ಈಗ ಪ್ರೆಸ್ಸಿನವರು ಫೋನು ಮಾಡಿದ್ದಾರೆ: ‘ನೋ’ ದೀರ್ಘವೋ, ಹ್ರಸ್ವವೋ?